ಸೆಕೆ, ಸಿಡಿಲು, ಚಂಡಿ ಶೂ: ಮಂಗಳೂರಿನ ಬೇಸಿಗೆಯಲ್ಲಿ ಬೆಳಗಿನ ಓಟ

ಮಂಗಳೂರಿನಲ್ಲಿ ಮೇ ತಿಂಗಳ ಬೆಳಗ್ಗೆ ಐದೂಕಾಲಿಗೆ ಬಾಗಿಲು ತೆಗೆದರೆ ಹೊರಗೆ 26ರಿಂದ 27 ಡಿಗ್ರಿ ಉಷ್ಣಾಂಶ, ಶೇ 85ರಿಂದ 90 ತೇವಾಂಶ. ಮರದ ಒಂದೆಲೆಯೂ ಅಲ್ಲಾಡುವುದಿಲ್ಲ. ಶೂ ಲೇಸು ಕಟ್ಟಿ ಎದ್ದು ನಿಲ್ಲುವಷ್ಟರಲ್ಲಿ ಕುತ್ತಿಗೆ ಬೆವರಿಗೆ ಒದ್ದೆಯಾಗಿ ಚಂಡಿಯಾಗಿರುತ್ತದೆ. ಡಿಸೆಂಬರಿನಿಂದ ಫೆಬ್ರವರಿವರೆಗೆ ತಪ್ಪದೆ ಓಡಿದವರು ಈ ಹೊತ್ತಿಗೆ ಒಬ್ಬೊಬ್ಬರಾಗಿ ನಿಲ್ಲಿಸುತ್ತಾರೆ. ಅಷ್ಟರಲ್ಲಿ ಮಳೆಗಾಲ ಹಿಡಿಯುತ್ತದೆ, ಮತ್ತೆ ಶುರುಮಾಡುವಾಗ ಅಕ್ಟೋಬರ್ ಬಂದಿರುತ್ತದೆ. ಹಲವು ಬೇಸಿಗೆ ಬಿಡದೆ ಓಡಿದ ನಮಗೆ ಗಟ್ಟಿಯಾದ ಮಾತು ಒಂದೇ: ಏಪ್ರಿಲಿನಿಂದ ಜೂನ್ ಕೊನೆಯವರೆಗೆ ಕಿಲೋಮೀಟರ್ ಎಣಿಸಬೇಡಿ, ನಿಮಿಷ ಎಣಿಸಿ. ಜನವರಿಯಲ್ಲಿ ಕಿಲೋಮೀಟರಿಗೆ ಆರು ನಿಮಿಷದಲ್ಲಿ ಮಾತಾಡುತ್ತಾ ಓಡುವವರಿಗೆ ಮೇಯಲ್ಲಿ ಅಷ್ಟೇ ಶ್ರಮಕ್ಕೆ ಆರೂವರೆ, ಆರೂಮುಕ್ಕಾಲು ನಿಮಿಷ ಬೇಕಾಗುತ್ತದೆ. ಅದನ್ನು ಸೋಲೆಂದು ತಿಳಿದು ವೇಗ ಎಳೆದವರೇ ಮೂರನೇ ವಾರದಲ್ಲಿ ಸುಸ್ತಾಗಿ ಮನೆಯಲ್ಲಿ ಉಳಿಯುವುದು.

ಹೀಗೇಕೆ ಆಗುತ್ತದೆಂದು ಲೆಕ್ಕ ಹಾಕಿ ನೋಡಬಹುದು. 60 ಕೆ.ಜಿ. ತೂಕದವರು 10 ಕಿ.ಮೀ. ಓಡಿದರೆ ಸುಮಾರು 600 ಕಿಲೋಕ್ಯಾಲರಿ ಖರ್ಚಾಗುತ್ತದೆ. ಅದರ ಮುಕ್ಕಾಲು ಪಾಲಿಗೂ ಹೆಚ್ಚು ಶಾಖವಾಗಿ ಮೈಯಲ್ಲೇ ಉಳಿಯುತ್ತದೆ, ಅದನ್ನು ಹೊರಹಾಕಬೇಕು. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೋಕ್ಯಾಲರಿ ಶಾಖ ಹೊತ್ತೊಯ್ಯುತ್ತದೆ. ಅಂದರೆ ಒಣಹವೆಯಲ್ಲಿ ಒಂದು ಲೀಟರಿಗೂ ಕಡಿಮೆ ಬೆವರು ಸಾಕು. ಕರಾವಳಿಯಲ್ಲಿ ಅದು ಆವಿಯಾಗದೆ ಮೊಣಕೈಯಿಂದ ತೊಟ್ಟಿಕ್ಕುತ್ತದೆ, ನೆಲಕ್ಕೆ ಬಿದ್ದ ಬೆವರು ಮೈಯನ್ನು ಒಂದಿಷ್ಟೂ ತಣಿಸುವುದಿಲ್ಲ. ದೇಹ ಇನ್ನಷ್ಟು ಬೆವರುತ್ತದೆ, ರಕ್ತವನ್ನು ಕಾಲಿನ ಸ್ನಾಯುಗಳಿಗೂ ಚರ್ಮಕ್ಕೂ ಹಂಚಬೇಕಾಗುತ್ತದೆ, ಅದೇ ವೇಗಕ್ಕೆ ಹೃದಯಬಡಿತ ಹತ್ತರಿಂದ ಇಪ್ಪತ್ತು ಏರುತ್ತದೆ.

ಫೋನಿನ ಹವಾಮಾನ ಆ್ಯಪಿನಲ್ಲಿ ತೇವಾಂಶದ ಶೇಕಡಾ ನೋಡಿ ಹೆದರುವವರು ಬಹಳ. ನೋಡಬೇಕಾದ ಅಂಕಿ ಡ್ಯೂ ಪಾಯಿಂಟ್, ಅಂದರೆ ಇಬ್ಬನಿ ಕಟ್ಟುವ ಉಷ್ಣಾಂಶ. ಬೆಳಗ್ಗೆ 27 ಡಿಗ್ರಿಯಲ್ಲಿ ಶೇ 88 ತೇವಾಂಶ ಇದ್ದರೂ, ಮಧ್ಯಾಹ್ನ 33 ಡಿಗ್ರಿಯಲ್ಲಿ ಶೇ 60 ಇದ್ದರೂ ಡ್ಯೂ ಪಾಯಿಂಟ್ 24–25ರ ಆಸುಪಾಸಿನಲ್ಲೇ ಇರುತ್ತದೆ. ಗಾಳಿಯಲ್ಲಿರುವ ನೀರು ಹೆಚ್ಚುಕಡಿಮೆ ಅಷ್ಟೇ. ಬೆಳಗ್ಗೆ ಬಿಸಿಲಿಲ್ಲ, ಗಾಳಿಯ ಬಿಸಿಯೂ ಕಡಿಮೆ, ಅದೇ ಲಾಭ. ಹಾಗಾಗಿ ‘ಬೆಳಗ್ಗೆ ತೇವ ಜಾಸ್ತಿ, ಸಂಜೆ ಓಡುವ’ ಎಂಬ ವಾದದಲ್ಲಿ ಹುರುಳಿಲ್ಲ. ಸಂಜೆಗೆ ಡಾಂಬರು, ಕಾಂಕ್ರೀಟು, ಕಂಪೌಂಡ್ ಗೋಡೆ ಎಲ್ಲವೂ ಹಗಲಿನ ಬಿಸಿ ಕಾರುತ್ತಿರುತ್ತವೆ, ಮೇಲಾಗಿ ಸಿಡಿಲಿನ ಹೊತ್ತೂ ಅದೇ. ಡ್ಯೂ ಪಾಯಿಂಟ್ 21 ದಾಟಿದರೆ ನಿಧಾನ ಮಾಡುವುದು, 24 ದಾಟಿದರೆ ವೇಗದ ಓಟವನ್ನೇ ಬಿಟ್ಟು ಪೂರ್ತಿ ವಾಕ್ಯ ಮಾತಾಡಬಲ್ಲಷ್ಟು ಹಗುರವಾಗಿ ಓಡುವುದು ನಾವು ಇಟ್ಟುಕೊಂಡ ಗೆರೆ.

ಮೈ ಸೆಕೆಗೆ ಒಗ್ಗಲು ಹತ್ತರಿಂದ ಹದಿನಾಲ್ಕು ದಿನ ಬೇಕು. ಯುಗಾದಿ ಕಳೆದು ಸೆಕೆ ಏರುತ್ತಿದ್ದ ಹಾಗೆ ಈ ಎರಡು ವಾರವನ್ನು ಬೇರೆಯಾಗಿಯೇ ಎತ್ತಿಡಬೇಕು. ಮೊದಲ ನಾಲ್ಕು ದಿನ 25ರಿಂದ 30 ನಿಮಿಷ ಮಾತ್ರ, ನಾಲ್ಕು ನಿಮಿಷ ಓಟ, ಒಂದು ನಿಮಿಷ ನಡಿಗೆ. ಐದರಿಂದ ಒಂಬತ್ತನೇ ದಿನದವರೆಗೆ 40 ನಿಮಿಷ. ಅಲ್ಲಿಂದ ಹದಿನಾಲ್ಕನೇ ದಿನಕ್ಕೆ 50, 60 ನಿಮಿಷ. ಒಳಗೆ ನಡೆಯುವುದು ಇಷ್ಟು: ಮೊದಲ ವಾರದಲ್ಲೇ ರಕ್ತದ ನೀರಿನಂಶ ಹೆಚ್ಚುತ್ತದೆ, ಹೃದಯಬಡಿತ ಇಳಿಯುತ್ತದೆ, ಆಮೇಲೆ ಬೆವರು ಬೇಗ ಒಡೆಯಲು ಕಲಿಯುತ್ತದೆ, ಬೆವರಿನಲ್ಲಿ ಉಪ್ಪು ಕಡಿಮೆಯಾಗುತ್ತದೆ. ರಾತ್ರಿಯಿಡೀ ಎ.ಸಿ.ಯಲ್ಲಿ ಮಲಗಿ, ಎ.ಸಿ. ಕಾರಿನಲ್ಲಿ ಆಫೀಸಿಗೆ ಹೋಗುವವರಿಗೆ ಒಗ್ಗಲು ಇರುವ ಹೊತ್ತು ಬೆಳಗಿನ ಓಟ ಒಂದೇ, ಅವರು ಹದಿನಾಲ್ಕನ್ನು ಇಪ್ಪತ್ತು ಮಾಡಿಕೊಂಡರೆ ಒಳ್ಳೆಯದು. ನಡುವೆ ಒಂದು ವಾರ ಬಿಟ್ಟರೆ ಗಳಿಸಿದ್ದು ಸ್ವಲ್ಪ ಕರಗುತ್ತದೆ, ನಾಲ್ಕು ವಾರ ಬಿಟ್ಟರೆ ಬಹುತೇಕ ಎಲ್ಲವೂ ಹೋಗುತ್ತದೆ. ಮದುವೆ, ಉಪನಯನದ ಓಡಾಟದಲ್ಲಿ ತಪ್ಪುವ ದಿನಗಳು ಮೇಯಲ್ಲಿ ಬೇಕಾದಷ್ಟು. ಆ ದಿನಗಳಲ್ಲಿ 20 ನಿಮಿಷ ಓಡಿದರೂ ಒಗ್ಗಿದ ಮೈ ಉಳಿಯುತ್ತದೆ. ಹೀಗೆ ಪಳಗಿದವರು ಏಪ್ರಿಲ್ ಕೊನೆಗೆ ಬೆಂಗಳೂರಿನ 10 ಕಿ.ಮೀ. ಓಟಕ್ಕೆ ಹೋದರೆ ಅಲ್ಲಿನ ಬೆಳಗು ತಂಪೆನಿಸುತ್ತದೆ, ಕಳೆದುಹೋಯಿತೆಂದುಕೊಂಡ ವೇಗ ತಾನಾಗಿ ಕಾಲಿಗೆ ಬರುತ್ತದೆ.

ಹೊತ್ತಿನ ಲೆಕ್ಕ ಸರಳ. ಮೇ ಮಧ್ಯದಲ್ಲಿ ಇಲ್ಲಿ ಸೂರ್ಯ ಮೂಡುವುದು 6:05ರ ಸುಮಾರಿಗೆ, ನೆಲ ಕಾಣುವಷ್ಟು ಬೆಳಕು 5:40ಕ್ಕೇ ಇರುತ್ತದೆ. 5:30ಕ್ಕೆ ಹೊರಟು 6:45ರೊಳಗೆ ಮುಗಿಸಬೇಕು. ಏಳು ದಾಟಿದ ಬಿಸಿಲಿನಲ್ಲಿ ಕೊನೆಯ ಹದಿನೈದು ನಿಮಿಷ ಮೊದಲ ಅರ್ಧ ಗಂಟೆಗಿಂತ ಹೆಚ್ಚು ದಣಿಸುತ್ತದೆ. ಹೊರಡುವ ಮುಂಚೆ ತಲೆಗೂ ಮೈಗೂ ನಾಲ್ಕು ಚೊಂಬು ಬಾವಿನೀರು ಸುರಿದುಕೊಂಡು, ಒರೆಸದೆ ಬನಿಯನ್ ಹಾಕಿ ಓಡಿದರೆ ಮೊದಲ ಹತ್ತು ನಿಮಿಷ ಹಾಯೆನಿಸುತ್ತದೆ.

ದಾರಿ ಆರಿಸುವಾಗ ಹಲವರು ಮಾಡುವ ತಪ್ಪು, ಗಾಳಿ ಸಿಗುತ್ತದೆಂದು ಪಣಂಬೂರು, ತಣ್ಣೀರುಬಾವಿಯ ಕಡೆ ಹೋಗುವುದು. ಕಡಲಗಾಳಿ ಬೀಸತೊಡಗುವುದು ನೆಲ ಕಾದ ಮೇಲೆ, ಹತ್ತು ಹನ್ನೊಂದು ಗಂಟೆಗೆ. ಬೆಳಗ್ಗೆ ಐದೂವರೆಯಿಂದ ಎಂಟರವರೆಗೆ ಕಡಲತೀರದಲ್ಲಿ ಗಾಳಿ ಸತ್ತಿರುತ್ತದೆ, ನೆಲದಿಂದ ಕಡಲಿಗೆ ಸಣ್ಣಗೆ ಬೀಸಿದರೆ ಹೆಚ್ಚು. ಮರಳು ಕಡಲಿನತ್ತ ಇಳಿಜಾರಾಗಿರುವುದರಿಂದ ಒಂದೇ ದಿಕ್ಕಿಗೆ ಓಡಿದರೆ ಒಂದು ಸೊಂಟ, ಒಂದು ಮೊಣಕಾಲು ನೋಯುತ್ತದೆ. ಹೋದ ದಾರಿಯಲ್ಲೇ ಹಿಂದೆ ಬರಬೇಕು. ಇಳಿತದ ಹೊತ್ತು ನೋಡಿಕೊಂಡು ಹೋದರೆ ಮಾತ್ರ ಗಟ್ಟಿ ಮರಳು ಸಿಗುತ್ತದೆ. ಅದಕ್ಕಿಂತ ಮನೆಯ ಸುತ್ತ ಎರಡು ಕಿಲೋಮೀಟರಿನ ಸುತ್ತು ಒಳ್ಳೆಯದು: ಗೇಟಿನ ಬಳಿ ನೀರಿನ ಬಾಟಲಿ ಇಡಬಹುದು, ತಲೆ ತಿರುಗಿದರೆ ಮನೆ ಹತ್ತಿರ, ಗುಡುಗಿದರೆ ಒಳಗೆ ಹೋಗಬಹುದು. ಮಂಗಳೂರು ಗುಡ್ಡೆಗಳ ಊರು. ಕದ್ರಿ, ಬಿಜೈ, ಬೆಂದೂರುವೆಲ್ ಕಡೆಯ ಏರುಗಳಲ್ಲಿ ನಡೆದು, ಮೇಲಿನ ಸಮತಟ್ಟಿನಲ್ಲಿ ಓಡಿದರೆ ಕಿಂಚಿತ್ತಾದರೂ ಗಾಳಿ ತಾಗುತ್ತದೆ. ಎರಡು ಗುಡ್ಡೆಗಳ ನಡುವಿನ ತಗ್ಗಿನಲ್ಲಿ ಗಾಳಿಯೇ ಇರುವುದಿಲ್ಲ. ಸೆಕೆ ತಾಳಲಾಗದ ದಿನ ಮಂಗಳಾ ಕ್ರೀಡಾಂಗಣದ ಟ್ರ್ಯಾಕಿನಲ್ಲಿ ಸುತ್ತು ಎಣಿಸುವುದೇ ಸುರಕ್ಷಿತ, ಬಿದ್ದರೆ ನೋಡುವವರಿರುತ್ತಾರೆ.

ಎಷ್ಟು ಬೆವರುತ್ತೀರೆಂದು ಒಮ್ಮೆ ಅಳೆದು ನೋಡಿ. ಓಡುವ ಮುಂಚೆ ಮೂತ್ರ ಮಾಡಿ ಬಟ್ಟೆಯಿಲ್ಲದೆ ತೂಕ ನೋಡುವುದು, ಒಂದು ಗಂಟೆ ಓಡುವುದು, ಬೈರಾಸಿನಲ್ಲಿ ಚೆನ್ನಾಗಿ ಒರೆಸಿಕೊಂಡು ಮತ್ತೆ ತೂಕ ನೋಡುವುದು. 62.4 ಕೆ.ಜಿ. ಇದ್ದದ್ದು 61.3 ಆಗಿ, ನಡುವೆ 250 ಮಿ.ಲೀ. ಕುಡಿದಿದ್ದರೆ ಬೆವರಿದ್ದು 1.35 ಲೀಟರ್. ತೂಕದ ಶೇ 2ರೊಳಗೆ ಇಳಿದರೆ ಚಿಂತೆಯಿಲ್ಲ. ಇದಕ್ಕೂ ಹೆಚ್ಚು ಇಳಿದರೆ ಓಟದ ನಡುವೆ ಕುಡಿಯುವುದನ್ನು ಹೆಚ್ಚಿಸಬೇಕು. ತೂಕ ಏರಿದ್ದರೆ ಅದು ಇನ್ನೂ ಅಪಾಯದ ಲಕ್ಷಣ: ಬರೇ ನೀರನ್ನು ಬೆವರಿಗಿಂತ ಹೆಚ್ಚು ಕುಡಿದರೆ ರಕ್ತದ ಸೋಡಿಯಂ ತೆಳುವಾಗಿ ವಾಕರಿಕೆ, ತಲೆನೋವು, ಮಂಕು ಬಡಿಯುತ್ತದೆ. ‘ಎಷ್ಟು ಕುಡಿದರೂ ಒಳ್ಳೆಯದೇ’ ಎಂಬ ಉಪದೇಶವನ್ನು ನಂಬಬೇಡಿ.

45 ನಿಮಿಷದೊಳಗಿನ ಓಟಕ್ಕೆ, ಎದ್ದ ಕೂಡಲೇ 300 ಮಿ.ಲೀ. ಕುಡಿದಿದ್ದರೆ ನಡುವೆ ಏನೂ ಬೇಡ. ಒಂದು ಗಂಟೆ ದಾಟುವ ದಿನ ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ 150 ಮಿ.ಲೀ. ಬಾಟಲಿಗೆ ಹಾಕುವುದು: 500 ಮಿ.ಲೀ. ನೀರು, 30 ಗ್ರಾಂ ಸಕ್ಕರೆ, ಒಂದು ಗ್ರಾಂ ಉಪ್ಪು, ಅಂದರೆ ಟೀ ಚಮಚದ ಕಾಲು ಭಾಗಕ್ಕಿಂತ ಸ್ವಲ್ಪ ಕಡಿಮೆ, ಅರ್ಧ ಲಿಂಬೆ. ಸಕ್ಕರೆ ಇದಕ್ಕಿಂತ ಹೆಚ್ಚಾದರೆ ಹೊಟ್ಟೆಯಲ್ಲಿ ನಿಂತು ಕುಲುಕುತ್ತದೆ. ಓ.ಆರ್.ಎಸ್. ಪೊಟ್ಟಣವನ್ನು ದಿನವೂ ಕುಡಿಯುವ ಅಗತ್ಯವಿಲ್ಲ, ಬನಿಯನ್ ಮೇಲೆ ಉಪ್ಪಿನ ಬಿಳಿ ಗೆರೆ ಕಟ್ಟುವವರು ದೀರ್ಘ ಓಟದ ದಿನ ಕುಡಿಯಲಿ. ಕುಡಿಯುವಾಗ ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ, ಸಾಮಾನ್ಯವಾಗಿ ಒಂದು ಲೀಟರಿಗೆ, ಪೂರ್ತಿ ಪೊಟ್ಟಣ ಹಾಕಬೇಕು. ಒಂದು ಲೋಟಕ್ಕೆ ಪೂರ್ತಿ ಸುರಿದು ಕುಡಿಯುವುದು ತಪ್ಪು.

ಓಟ ಮುಗಿದ ಮೇಲೆ ಬೊಂಡ, ಅಂದರೆ ಎಳನೀರು, ಕುಡಿಯುವುದು ಇಲ್ಲಿನ ವಾಡಿಕೆ. ಬೊಂಡದಲ್ಲಿ ಪೊಟ್ಯಾಸಿಯಂ ಹೆಚ್ಚು, ಸೋಡಿಯಂ ಕಡಿಮೆ. ಬೆವರಿನಲ್ಲಿ ಹೋಗುವುದು ಮುಖ್ಯವಾಗಿ ಸೋಡಿಯಂ. ಬೊಂಡದ ಜೊತೆ ಉಪ್ಪಿನ ಊಟವೂ ಬೇಕು. ಅದಕ್ಕೆ ಕುಚ್ಚಲಕ್ಕಿ ಗಂಜಿಯಷ್ಟು ಸರಿಹೊಂದುವುದು ನಮಗೆ ಬೇರೆ ಕಂಡಿಲ್ಲ: ನೀರು, ಅಕ್ಕಿಯ ಪಿಷ್ಟ, ಮೇಲೊಂದು ಚಿಟಿಕೆ ಉಪ್ಪು, ಬದಿಗೆ ಮಾವಿನ ಮಿಡಿ ಉಪ್ಪಿನಕಾಯಿ. ಗಂಟಲಿನಲ್ಲಿ ಇಳಿಯದಷ್ಟು ದಣಿದ ದಿನ ಉಪ್ಪು ಹಾಕಿದ ನೀರು ಮಜ್ಜಿಗೆ ಅಥವಾ ಪುನರ್ಪುಳಿ ಶರಬತ್ತು. ರಕ್ತದೊತ್ತಡ, ಕಿಡ್ನಿಯ ತೊಂದರೆ ಇರುವವರು ಉಪ್ಪು ಹೆಚ್ಚಿಸುವ ಮುಂಚೆ ವೈದ್ಯರನ್ನು ಕೇಳಬೇಕು.

ಚರ್ಮದ ವಿಷಯವನ್ನು ಮುಜುಗರದಿಂದ ಯಾರೂ ಮಾತಾಡುವುದಿಲ್ಲ, ಆದರೆ ಬೇಸಿಗೆಯ ಓಟ ನಿಲ್ಲುವುದು ಬಹಳ ಸಲ ಇದರಿಂದಲೇ. ಹತ್ತಿ ಬನಿಯನ್ ಬೆವರು ಹೀರಿ ಭಾರವಾಗಿ ಮೈಗೆ ಅಂಟುತ್ತದೆ, ತಿಕ್ಕುತ್ತದೆ. ತೆಳು ಪಾಲಿಯೆಸ್ಟರ್ ಬನಿಯನ್ ಹಾಕಿ. ತೊಡೆ ಸಂದು, ಕಂಕುಳು, ಬ್ರಾ ಪಟ್ಟಿಯ ಕೆಳಗೆ ಹೊರಡುವ ಮುಂಚೆ ವ್ಯಾಸಲಿನ್ ತೆಳುವಾಗಿ ಹಚ್ಚಬೇಕು. ಗಂಡಸರು ಮೊಲೆತೊಟ್ಟಿಗೆ ಮೆಡಿಕಲ್ಲಿನಲ್ಲಿ ಸಿಗುವ ಕಾಗದದ ಟೇಪ್ ಅಂಟಿಸಿಕೊಂಡರೆ ರಕ್ತ ಬರುವುದು ತಪ್ಪುತ್ತದೆ. ಮನೆಗೆ ಬಂದು ಚಂಡಿ ಬಟ್ಟೆಯಲ್ಲೇ ಕುಳಿತು ಪೇಪರ್ ಓದುವ ಅಭ್ಯಾಸ ಬಿಡಿ, ಹತ್ತು ನಿಮಿಷದೊಳಗೆ ಸ್ನಾನ ಆಗಬೇಕು, ಸಂದುಗಳು ಪೂರ್ತಿ ಒಣಗಬೇಕು. ತೊಡೆ ಸಂದಿನಲ್ಲಿ ಅಂಚು ಕೆಂಪಾಗಿ ಉಂಗುರದಂತೆ ಹರಡುವ ತುರಿಕೆ ಬಂದರೆ ಅದು ಶಿಲೀಂಧ್ರ. ಮೆಡಿಕಲ್ಲಿನಲ್ಲಿ ಕೇಳಿ ತರುವ ಮಿಶ್ರಣದ ಕ್ರೀಮುಗಳಲ್ಲಿ ಹಲವಕ್ಕೆ ಸ್ಟೀರಾಯ್ಡ್ ಬೆರೆತಿರುತ್ತದೆ: ಎರಡು ದಿನ ತುರಿಕೆ ಇಳಿಯುತ್ತದೆ, ಆಮೇಲೆ ಇನ್ನೂ ಅಗಲಕ್ಕೆ ಹಬ್ಬಿ ತಿಂಗಳುಗಟ್ಟಲೆ ಬಿಡುವುದಿಲ್ಲ. ಚರ್ಮದ ವೈದ್ಯರಿಗೆ ತೋರಿಸಿ, ಹೇಳಿದಷ್ಟು ವಾರ ಪೂರ್ತಿ ಹಚ್ಚಬೇಕು.

ಇನ್ನು ಸಿಡಿಲು. ಅಶ್ವಿನಿ, ಭರಣಿ, ಕೃತ್ತಿಕೆ ಮಳೆಗಳ ಕಾಲದಲ್ಲಿ, ಅಂದರೆ ಏಪ್ರಿಲ್ ಮಧ್ಯದಿಂದ ಮೇ ಇಪ್ಪತ್ತರ ನಂತರದವರೆಗೆ, ಮೋಡ ಕಟ್ಟುವುದು ಪಶ್ಚಿಮ ಘಟ್ಟದ ಮೇಲೆ. ಮಧ್ಯಾಹ್ನ ಮೂರರ ಮೇಲೆ ಪೂರ್ವದಲ್ಲಿ ಕಪ್ಪಾಗಿ, ಸಂಜೆಯಿಂದ ರಾತ್ರಿಯೊಳಗೆ ಗುಡುಗು, ಗಾಳಿಯೊಂದಿಗೆ ಕರಾವಳಿಗೆ ಇಳಿಯುತ್ತದೆ. ಬೆಳಗ್ಗೆ ಹೆಚ್ಚಾಗಿ ಆಕಾಶ ಶುಭ್ರ. ಬೆಳಗಿನ ಓಟಗಾರರಿಗೆ ಇದು ಅನುಕೂಲವೇ, ಆದರೂ ರಾತ್ರಿಯ ಮೋಡ ಬೆಳಗಿನವರೆಗೆ ಉಳಿಯುವ ದಿನಗಳಿವೆ. ಮಲಗುವ ಮುಂಚೆ ಹವಾಮಾನ ಇಲಾಖೆಯ ಮುನ್ಸೂಚನೆ, ಎದ್ದ ಮೇಲೆ ‘ದಾಮಿನಿ’ ಆ್ಯಪ್ ನೋಡುವುದು ನಮ್ಮ ಕ್ರಮ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ರೂಪಿಸಿದ ಈ ಆ್ಯಪ್ ನಾವಿರುವ ಜಾಗದ ಸುತ್ತ ಬೀಳುತ್ತಿರುವ ಸಿಡಿಲನ್ನು ತೋರಿಸುತ್ತದೆ. ಫೋನ್ ಇಲ್ಲದಿದ್ದರೆ ಕಿವಿ ಸಾಕು. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗಿನ ಸೆಕೆಂಡುಗಳನ್ನು ಮೂರರಿಂದ ಭಾಗಿಸಿದರೆ ಕಿಲೋಮೀಟರ್ ಸಿಗುತ್ತದೆ. 30 ಸೆಕೆಂಡಿನೊಳಗೆ ಕೇಳಿದರೆ ಸಿಡಿಲು 10 ಕಿ.ಮೀ. ಒಳಗಿದೆ, ಓಟ ಅಲ್ಲಿಗೆ ನಿಲ್ಲಬೇಕು. ಕೊನೆಯ ಗುಡುಗಿನಿಂದ 30 ನಿಮಿಷ ಕಳೆಯುವವರೆಗೆ ಹೊರಗೆ ಕಾಲಿಡಬಾರದು.

ಆಸರೆ ಎಂದರೆ ಕಾಂಕ್ರೀಟು ಮನೆ, ಅಂಗಡಿ ಅಥವಾ ಗಾಜು ಏರಿಸಿದ ಕಾರು. ಮೂರು ಕಡೆ ತೆರೆದ ಬಸ್ ತಂಗುದಾಣ ಆಸರೆಯಲ್ಲ. ತೆಂಗಿನ ಮರದ ಬುಡವಂತೂ ಅಲ್ಲವೇ ಅಲ್ಲ, ಸುತ್ತಮುತ್ತ ಎಲ್ಲಕ್ಕಿಂತ ಎತ್ತರ ಅದೇ. ಕಡಲತೀರ, ಮೈದಾನ, ಗುಡ್ಡೆಯ ತುದಿಯಲ್ಲಿ ಎತ್ತರದ ವಸ್ತು ನೀವೇ ಆಗಿರುತ್ತೀರಿ. ಹತ್ತಿರ ಕಟ್ಟಡವೇ ಇಲ್ಲದಿದ್ದರೆ ಗುಂಪು ಚದುರಿ, ತಗ್ಗಿನತ್ತ ಸಾಗಬೇಕು, ನೆಲದ ಮೇಲೆ ಉದ್ದಕ್ಕೆ ಮಲಗಬಾರದು.

ರಾತ್ರಿ ಸಿಡಿಲುಮಳೆ ಹೊಯ್ದ ಮರುದಿನ ಬೆಳಗ್ಗೆ ಗಾಳಿ ತಂಪಾಗಿ ಕಾಲು ತಾನಾಗಿ ಓಡುತ್ತದೆ, ಆದರೆ ರಸ್ತೆ ಹಿಂದಿನ ದಿನದಂತಿರುವುದಿಲ್ಲ. ಕರೆಂಟು ಹೋಗಿ ಬೀದಿದೀಪ ಆರಿರುತ್ತದೆ, ತಲೆಗೆ ಕಟ್ಟುವ ಟಾರ್ಚು ಬೇಕು. ಮಡಲು, ಕೊಂಬೆ, ಹೂ, ಜಜ್ಜಿದ ಮಾವಿನಹಣ್ಣು, ಎಲ್ಲವೂ ಜಾರುತ್ತವೆ. ಜೀಬ್ರಾ ಪಟ್ಟಿಯ ಬಣ್ಣ, ಮ್ಯಾನ್‌ಹೋಲಿನ ಕಬ್ಬಿಣದ ಮುಚ್ಚಳ, ಪಾಚಿ ಕಟ್ಟಿದ ಇಂಟರ್‌ಲಾಕ್ ಇನ್ನೂ ಹೆಚ್ಚು. ಹೆಜ್ಜೆ ಗಿಡ್ಡ ಮಾಡಿ, ಕಾಂಕ್ರೀಟು ರಸ್ತೆಯ ಅಂಚಿನಲ್ಲಿ ಓಡಬೇಕು. ಚರಂಡಿಯ ಚಪ್ಪಡಿ ಮೇಲೆ ಬೇಡ, ನೀರು ತುಂಬಿದಾಗ ಯಾವ ಚಪ್ಪಡಿ ಎದ್ದಿದೆಯೆಂದು ಕಾಣುವುದಿಲ್ಲ. ತುಂಡಾದ ತಂತಿ ಕಂಡರೆ, ಅದು ಕೇಬಲ್ ಟಿ.ವಿ.ಯದ್ದೇ ಇರಬಹುದೆಂದು ಊಹಿಸಬೇಡಿ, ಹತ್ತು ಮೀಟರ್ ದೂರದಲ್ಲೇ ನಿಂತು ವಿದ್ಯುತ್ ಸಹಾಯವಾಣಿ 1912ಕ್ಕೆ ಕರೆಮಾಡಿ. ತಿಳಿಯದೆ ಹತ್ತಿರ ಹೋಗಿಬಿಟ್ಟಿದ್ದರೆ ಎರಡೂ ಪಾದ ಒಂದಕ್ಕೊಂದು ತಾಗಿಸಿಕೊಂಡು, ಎತ್ತದೆ, ನೆಲಕ್ಕೆ ಉಜ್ಜುತ್ತಾ ಹಿಂದೆ ಸರಿಯಬೇಕು. ದೊಡ್ಡ ಹೆಜ್ಜೆ ಇಟ್ಟರೆ ಎರಡು ಪಾದಗಳ ನಡುವಿನ ವೋಲ್ಟೇಜಿನ ವ್ಯತ್ಯಾಸವೇ ಕೊಲ್ಲುತ್ತದೆ.

ಬಿಸಿಲಾಘಾತ ಬೆಳಗಿನ ಓಟಗಾರರಿಗೆ ಬರುವುದಿಲ್ಲವೆಂಬ ನಂಬಿಕೆ ತಪ್ಪು. ಬಿಸಿಲೇ ಬೇಕೆಂದಿಲ್ಲ, ಒಳಗಿನ ಶಾಖ ಹೊರಹೋಗದಿದ್ದರೆ ಸಾಕು. ಸೆಕೆಯಲ್ಲಿ ಇದ್ದಕ್ಕಿದ್ದಂತೆ ಚಳಿ ಬಂದು ರೋಮ ನೆಟ್ಟಗಾಗುವುದು, ತಲೆ ಸಿಡಿಯುವುದು, ವಾಕರಿಕೆ: ಓಟ ನಿಲ್ಲಿಸಿ ನೆರಳಿಗೆ ಬನ್ನಿ. ಮಾತು ತೊದಲುವುದು, ತಡಬಡಾಯಿಸಿ ನಡೆಯುವುದು, ಎಲ್ಲಿದ್ದೇನೆಂದು ತಿಳಿಯದಿರುವುದು ಪ್ರಾಣಾಪಾಯ. ಬೆವರುತ್ತಲೇ ಇದ್ದಾರೆಂದು ಸಮಾಧಾನಪಡಬೇಡಿ, ಓಡುವವರಲ್ಲಿ ಬೆವರು ನಿಲ್ಲದೆಯೂ ಇದು ಬರುತ್ತದೆ. 108ಕ್ಕೆ ಕರೆಮಾಡಿ, ಆಂಬುಲೆನ್ಸ್ ಬರುವವರೆಗೆ ಕಾಯದೆ ತಣಿಸಲು ಶುರುಮಾಡಬೇಕು. ಇಲ್ಲಿನ ತೇವದಲ್ಲಿ ಒದ್ದೆಬಟ್ಟೆ, ಬೀಸಣಿಗೆ ಸಾಲದು. ಹತ್ತಿರದ ಮನೆಯ ಬಾವಿಯಿಂದ ಕೊಡಪಾನಗಟ್ಟಲೆ ನೀರು ನಿಲ್ಲಿಸದೆ ಸುರಿಯಬೇಕು, ಐಸ್ ಸಿಕ್ಕರೆ ಕುತ್ತಿಗೆ, ಕಂಕುಳು, ತೊಡೆಸಂದಿಗೆ ಇಡಬೇಕು. ಮಂಕಾದವರ ಬಾಯಿಗೆ ನೀರು ಹಾಕಬಾರದು. ಮೈ ಕೈ ನೋವೆಂದು ಓಟಕ್ಕೆ ಮೊದಲು ನೋವಿನ ಮಾತ್ರೆ ನುಂಗುವ ಚಾಳಿಯೂ ಬೇಡ, ನೀರಿಳಿದ ಮೈಯಲ್ಲಿ ಐಬುಪ್ರೊಫೆನ್‌ನಂಥವು ಕಿಡ್ನಿಗೆ ಹೊರೆ.

ಪತ್ತನಾಜೆ, ಅಂದರೆ ತುಳುವಿನ ಬೇಷ ತಿಂಗಳ ಹತ್ತನೇ ದಿನ, ಮೇ 24–25ರ ಸುಮಾರಿಗೆ ಬರುತ್ತದೆ. ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವ, ಕೋಲಗಳು ನಿಲ್ಲುವ ದಿನ ಅದು. ಓಟಗಾರರೂ ಅಂದೇ ಮಳೆಗಾಲದ ತಯಾರಿ ಮಾಡಿಕೊಳ್ಳಬಹುದು. ಜೂನ್ ಮೊದಲ ವಾರ ಮುಂಗಾರು ಹಿಡಿದ ಮೇಲೆ ಲೆಕ್ಕ ತಿರುಗಾಮುರುಗಾ ಆಗುತ್ತದೆ: ಗುಡುಗು ಕಡಿಮೆ, ಮಳೆ ಕಡಲಿನಿಂದ, ಅದೂ ನಡುರಾತ್ರಿಯಿಂದ ಬೆಳಗಿನವರೆಗೆ ಹೆಚ್ಚು. ಹಳದಿ ಎಚ್ಚರಿಕೆಯೆಂದರೆ 24 ಗಂಟೆಯಲ್ಲಿ 64.5ರಿಂದ 115.5 ಮಿ.ಮೀ. ಮಳೆ, ಕಿತ್ತಳೆಗೆ 204.4ರವರೆಗೆ, ಅದಕ್ಕೂ ಮೇಲೆ ಕೆಂಪು. ಹವಾಮಾನ ಇಲಾಖೆಯ ಮಳೆದಿನ ಮುಗಿಯುವುದು ಬೆಳಗ್ಗೆ 8:30ಕ್ಕೆ, ಆದ್ದರಿಂದ ನಿನ್ನೆ ಕೊಟ್ಟ ಎಚ್ಚರಿಕೆ ಇಂದು ಬೆಳಗಿನ ಓಟಕ್ಕೂ ಅನ್ವಯಿಸುತ್ತದೆ. ಹಳದಿಗೆ ನಾವು ಓಡುತ್ತೇವೆ. ಕಿತ್ತಳೆಗೆ ಮನೆಯ ಸುತ್ತಿನಲ್ಲಿ ಮಾತ್ರ. ಕೆಂಪಿಗೆ ಫ್ಲ್ಯಾಟಿನ ಮೆಟ್ಟಿಲು 20 ನಿಮಿಷ ಹತ್ತಿ ಇಳಿದು, ಮೂರು ಸುತ್ತು ಬಸ್ಕಿ ತೆಗೆದರೆ ಆ ದಿನ ತಪ್ಪಿದಂತೆ ಆಗುವುದಿಲ್ಲ.

ನಿಂತ ನೀರಿನಲ್ಲಿ ಮಾತ್ರ ಓಡಬೇಡಿ. ದಕ್ಷಿಣ ಕನ್ನಡ, ಉಡುಪಿಯಲ್ಲಿ ಮಳೆಗಾಲದ ಇಲಿಜ್ವರ ಹೊಸದಲ್ಲ. ಇಲಿಮೂತ್ರ ಬೆರೆತ ನೀರು ಕಾಲಿನ ಗಾಯದ ಮೂಲಕ ಒಳಹೊಗುತ್ತದೆ. ಬೊಬ್ಬೆ ಒಡೆದ, ಬೆರಳ ಸಂದಿ ಕೆಸರುಹುಣ್ಣಾದ ಪಾದ ಅದಕ್ಕೆ ತೆರೆದ ಬಾಗಿಲು. ಈ ಜ್ವರದ ಒಂದು ಲಕ್ಷಣ ಮೀನಖಂಡದ ನೋವು, ಅದನ್ನು ಓಟದ ನೋವೆಂದು ತಿಳಿದು ಮೂರು ನಾಲ್ಕು ದಿನ ಕಳೆದುಬಿಡುವ ಅಪಾಯ ಓಡುವವರಿಗೇ ಹೆಚ್ಚು. ಜ್ವರ, ಕಣ್ಣು ಕೆಂಪು, ಮೀನಖಂಡ ಮುಟ್ಟಿದರೆ ನೋವು ಇದ್ದರೆ ಅದೇ ದಿನ ವೈದ್ಯರ ಬಳಿ ಹೋಗಿ, ನೀರಿನಲ್ಲಿ ಕಾಲಿಟ್ಟದ್ದನ್ನು ಹೇಳಬೇಕು.

ಶೂ ಎರಡು ಜೊತೆ ಇರಲೇಬೇಕು, ಒಂದು ಒಣಗಲು ಈ ತೇವದಲ್ಲಿ 36ರಿಂದ 48 ಗಂಟೆ ಹಿಡಿಯುತ್ತದೆ. ಬಂದ ಕೂಡಲೇ ಲೇಸು ಪೂರ್ತಿ ಸಡಿಲಿಸಿ, ನಾಲಗೆ ಹೊರಗೆಳೆದು, ಒಳಗಿನ ಇನ್‌ಸೋಲ್ ತೆಗೆದು ಬೇರೆ ಒಣಗಿಸಬೇಕು. ಕೆಸರಾಗಿದ್ದರೆ ಮೊದಲು ಬರೇ ನೀರಿನಲ್ಲಿ ತೊಳೆದು, ಹಳೇ ಪೇಪರನ್ನು ತುದಿಯವರೆಗೆ ತುರುಕಿ, ಒಂದು ಗಂಟೆಗೆ ಆ ಪೇಪರು ತೆಗೆದು ಒಣ ಪೇಪರು ಹಾಕಬೇಕು, ರಾತ್ರಿ ಮಲಗುವಾಗ ಇನ್ನೊಮ್ಮೆ. ಮೊದಲು ತುರುಕಿದ್ದನ್ನು ಹಾಗೇ ಬಿಟ್ಟರೆ ಒದ್ದೆ ಅಲ್ಲೇ ಕುಳಿತು ನಾರುತ್ತದೆ. ಆಮೇಲೆ ಫ್ಯಾನಿನ ಎದುರು, ಗೋಡೆಗೆ ಓರೆಯಾಗಿ, ಹಿಮ್ಮಡಿ ಕೆಳಗೆ. ಬಚ್ಚಲೊಲೆಯ ಬಳಿ ಇಟ್ಟರೆ ಅಂಟು ಬಿಟ್ಟು ಅಟ್ಟೆ ಬಾಯಿ ತೆರೆಯುತ್ತದೆ. ಬನಿಯನ್, ಸಾಕ್ಸುಗಳ ಹಳೇ ವಾಸನೆಗೆ ನಾಲ್ಕು ಪಾಲು ನೀರಿಗೆ ಒಂದು ಪಾಲು ಬಿಳಿ ವಿನೆಗರ್ ಬೆರೆಸಿ ಅರ್ಧ ಗಂಟೆ ನೆನೆಸಿ, ಆಮೇಲೆ ಎಂದಿನ ಸೋಪಿನಲ್ಲಿ ಒಗೆಯಿರಿ. ಕಂಫರ್ಟ್‌ನಂಥ ಪರಿಮಳದ ದ್ರವ ಹಾಕಬೇಡಿ, ಅದು ನೂಲಿನ ಮೇಲೆ ಪದರ ಕಟ್ಟಿ ಬಟ್ಟೆ ಬೆವರು ಹಿಡಿದೆಳೆಯುವುದನ್ನು ನಿಲ್ಲಿಸುತ್ತದೆ. ಸಾಕ್ಸು ಹತ್ತಿಯದು ಬೇಡ, ಸಿಂಥೆಟಿಕ್ ತೆಳು ಸಾಕ್ಸು ಮೂರು ಜೊತೆ. ಒಣಗದ ಸಾಕ್ಸನ್ನು ಒಂದು ದಿನವೂ ಹಾಕಿಕೊಳ್ಳಬಾರದು, ಶೂ ಸ್ವಲ್ಪ ತೇವವಿದ್ದರೂ ಸಾಕ್ಸು ಒಣಗಿದ್ದರೆ ಒಂದು ಗಂಟೆಯ ಓಟಕ್ಕೆ ಪಾದ ತಡೆದುಕೊಳ್ಳುತ್ತದೆ.